ನಿದ್ದೆ ಅಂತ ಬರ್ಕೋ

ಅಲ್ಲಿ ಬೇಡ... ಅಲ್ಲಿ ಬೇಡ ಅಂದ್ನಲ್ಲ, ಈ ಕಡೆ ಬಾ. ಕಿಟಕಿಗೆ ಬೆನ್ನು ಹಾಕಿ ಕೂತ್ರೆ ನಿನ್ನ ಮುಖ ದೀಪ ಆರಿಸಿದ ಕೋಣೆ ಥರ ಕಾಣುತ್ತೆ. ವಿಚಾರಣೆಗೆ ಬಂದೋರು ಮುಖ ತೋರಿಸಬೇಕು ಕಣೇ, ಮುಚ್ಕೋಬಾರದು. ಹಾಂ, ಆ ಸ್ಟೂಲು ಎಳ್ಕೋ. ನೋಡ್ಕೊಂಡು, ಒಂದು ಕಾಲು ಗಿಡ್ಡ ಅದಕ್ಕೆ. ಕೂತ್ಯಾ? ಈಗ ಮೊದಲಿಂದ ಹೇಳು. ಹೆಡ್ ಮಾಸ್ತರು ಕಳಿಸಿದ್ರು. ಸರಿ. ಆಮೇಲೆ?

ಕಾರಣ! ಕಾರಣ ಬೇಕಂತೆ ಅವರಿಗೆ! ಎಲ್ಲಿ, ಆ ಕಾಗದ ಇತ್ಲಾಗೆ ತಿರುಗಿಸು. 'ನಲವತ್ತು ನಿಮಿಷಗಳ ಕಾಲ ತರಗತಿಯಲ್ಲಿದ್ದ ಶಿಕ್ಷಕಿಯು ವಿಡಿಯೋ ಪಾಠವನ್ನು ನಿಲ್ಲಿಸದಿರಲು ಕಾರಣ.' ಆಮೇಲೆ ಚುಕ್ಕಿ, ಚುಕ್ಕಿ, ಚುಕ್ಕಿ. ಆಹಾ, ಎಷ್ಟು ಮುದ್ದಾಗಿ ಟೈಪ್ ಮಾಡಿದೀಯ! 'ಶಿಕ್ಷಕಿಯು.' ಟೀಚರ್ ಟೀಚರ್ ಅಂತ ನನ್ನ ಕಿರುಬೆರಳು ಹಿಡ್ಕೊಂಡು ಮೈದಾನ ಸುತ್ತುತಿದ್ದ ಗುಬ್ಬಿ ಇವತ್ತು ನನ್ನನ್ನ 'ಶಿಕ್ಷಕಿಯು' ಅಂತ ಬರೆಯೋ ಹಾಗಾದ್ಲು. ಬೆಳೆದೆ ಬಿಡು. ನನಗೇ ಗೊತ್ತಾಗ್ಲಿಲ್ಲ ನೀನು ಇಷ್ಟು ಬೆಳೆದಿದ್ದು.

ಪೆನ್ನು ತಗೋ. ಬರ್ಕೋ. ನಿದ್ದೆ. ಶಿಕ್ಷಕಿಯು ನಿದ್ದೆ ಮಾಡಿದಳು. ಅಷ್ಟೇ. ಮುಗೀತು, ಏಳು, ಮನೆಗೆ ಹೋಗೋಣ.

...ಯಾಕೆ ನಗ್ತೀಯ?

ಇದರಲ್ಲಿ ನಗೋದೇನಿದೆ? ಮನುಷ್ಯರು ನಿದ್ದೆ ಮಾಡಲ್ವಾ? ಕಿಟಕಿಗೆಲ್ಲ ಪರದೆ ಎಳೆದು, ದೀಪ ಆರಿಸಿ, ಮಧ್ಯಾಹ್ನ ಊಟ ಆದ ಮೇಲಿನ ಪೀರಿಯಡ್ಡು... ನಿಮ್ಮ ಆ ವಿಡಿಯೋ ಕೋಣೇಲಿ ನಿದ್ದೆ ಬರದೇ ಇದ್ದೋರು ಡಾಕ್ಟರ ಹತ್ರ ಹೋಗ್ಬೇಕು. ಬರ್ಕೋ ಅಂದ್ರೆ.

ಓದಿದೀನಿ ಆ ಪತ್ರ. ನಾಲ್ಕು ಸಲ ಓದಿದೀನಿ. ಐದನೇ ತರಗತಿ ಹುಡುಗಿಯ ತಾಯಿ ಬರೆದಿರೋದು ತಾನೇ? 'ನಿಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೀರೋ, ಆಟ ಆಡಿಸುತ್ತೀರೋ? ಸೋಮವಾರದಿಂದ ನಮ್ಮ ಮಗಳು ಊಟಕ್ಕೆ ಕೂತರೆ ಒಂದೊಂದು ತುತ್ತು ನುಂಗಿದಾಗಲೂ ಗೋಲ್ ಎಂದು ಕೂಗುತ್ತಾಳೆ.' ಪಾಪ, ಆ ತಾಯಿಗೆ ನಗು ಬಂದಿಲ್ಲ. ನನಗೆ ಬಂತು. ಮೊದಲನೇ ಸಲ ಓದಿದಾಗ ಬಂತು.

ಆಯ್ತು, ತಪ್ಪು ಯಾರದ್ದು, ಅದನ್ನ ಹೇಳು ಮೊದಲು! ಪಕ್ಕದ ಕೋಣೇಲಿ ಡ್ರಿಲ್ ಮಾಸ್ತರು ಮೇಜಿನ ಕೆಳಗೆ ಫೋನ್ ಇಟ್ಕೊಂಡು ಫುಟ್‌ಬಾಲ್ ಕಾಮೆಂಟರಿ ಕೇಳ್ತಾರೆ. ಅವರ ಫೋನು ಹೋಗಿ ನಿಮ್ಮ ವಿಡಿಯೋ ಕೋಣೆಯ ಬ್ಲೂಟೂತ್ ಸ್ಪೀಕರಿಗೆ ಅಂಟ್ಕೊಳ್ಳುತ್ತೆ. ಗೋಡೆ ಮೇಲೆ ಚಿತ್ರ ಜೀರ್ಣಾಂಗದ್ದು, ಕೋಣೆ ತುಂಬ ಕೂಗಾಟ ಪಂದ್ಯದ್ದು. ತನ್ನ ಫೋನಲ್ಲಿ ಸದ್ದೇ ಬರ್ತಿಲ್ಲ ಅಂತ ಆ ಮಹಾನುಭಾವ ಪಕ್ಕದಲ್ಲೇ ಕೂತು ಫೋನ್ ಕುಟ್ಟಿದ್ದೇ ಕುಟ್ಟಿದ್ದು! ಅವರಿಗೆ ಯಾವ ಕಾಗದವೂ ಇಲ್ಲ. ಅವರಿಗೆ 'ಕಾರಣ' ಇಲ್ಲ. ಸ್ಪೀಕರಿಗೆ ಬೀಗ ಹಾಕದೆ ಇಟ್ಟ ನಿನಗೂ ಇಲ್ಲ. ಕಾಗದ ನನಗೊಬ್ಬಳಿಗೆ.

ಏನು? ನಿಧಾನ ಹೇಳು, ಗೊಣಗಬೇಡ. ಮೂರನೇ ಕ್ಲಾಸಲ್ಲಿ ಹೇಗೆ ಗೊಣಗ್ತಿದ್ಯೋ ಹಾಗೇ ಇದೀಯ ಇನ್ನೂ. ಅದಕ್ಕೇ ತಾನೇ ಗುಬ್ಬಿ ಅಂತ ಹೆಸರಿಟ್ಟಿದ್ದು.

...ಹೂಂ. ಯಾಕೆ ನಿಲ್ಲಿಸಲಿಲ್ಲ. ಅದೇ ಪ್ರಶ್ನೆ, ಸುತ್ತಿ ಬಳಸಿ ಅಲ್ಲಿಗೇ ಬಂದೆ.

ಬೇಕಂತಲೇ ನಿಲ್ಲಿಸಲಿಲ್ಲ! ಸಾಕಾ? ನಿದ್ದೆ ಬೇಡ ಅಂದ್ರೆ ಇದನ್ನ ಬರ್ಕೋ. ಬೇಕಂತಲೇ ಬಿಟ್ಟೆ. ಓಡಲಿ, ಎಲ್ಲರಿಗೂ ಗೊತ್ತಾಗಲಿ ಈ ವಿಡಿಯೋದ ಬಂಡವಾಳ ಅಂತ. ನಾನು ಮೊದಲ ದಿನದಿಂದ ಹೇಳ್ತಾ ಬಂದಿಲ್ವಾ? ಸ್ಟಾಫ್ ರೂಮಲ್ಲಿ ಎಲ್ಲರ ಎದುರಿಗೇ ಹೇಳಿಲ್ವಾ? ಜ್ವಾಲಾಮುಖಿ ತೋರಿಸು, ಬೇಡ ಅಂದವರ್ಯಾರು? ಅದನ್ನ ನಾನು ಊಟದ ಡಬ್ಬಿಲಿ ಹಾಕ್ಕೊಂಡು ತರೋಕಾಗಲ್ಲ. ತಿಮಿಂಗಿಲ ತೋರಿಸು. ಚಂದ್ರನ ಮೇಲೆ ಗುಂಡಿ ತೋರಿಸು. ಆದರೆ ಕಾಳು ಮೊಳಕೆ ಒಡೆಯೋದಕ್ಕೂ ವಿಡಿಯೋನಾ? ಪ್ರತಿ ವರ್ಷ ನನ್ನ ಮಕ್ಕಳು ಒದ್ದೆ ಹತ್ತಿ ಮೇಲೆ ಕಾಳು ಇಟ್ಟು ದಿನಾ ಬಂದು ಇಣುಕಿ ನೋಡ್ತಿದ್ರು. ಮೂಗು ಹತ್ರ ತಗೊಂಡು ಹೋಗಿ ಛೀ ಅಂತಿದ್ರು. ಈ ವರ್ಷ ನೀನು ಮೊದಲು ವಿಡಿಯೋ ಹಾಕ್ದೆ. ಅದರಲ್ಲಿ ನಾಲ್ಕು ಸೆಕೆಂಡಿಗೆ ಮೊಳಕೆ ಬರುತ್ತೆ, ಇನ್ನಾರು ಸೆಕೆಂಡಿಗೆ ಎಲೆ. ಮಾರನೇ ದಿನ ಇಡೀ ಕ್ಲಾಸು ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟಿತು. 'ಟೀಚರ್, ನಮ್ಮ ಕಾಳು ಕೆಟ್ಟುಹೋಗಿದೆ.' ಒಂದು ರಾತ್ರಿ ಕಾಯೋ ತಾಳ್ಮೆ ಕಿತ್ಕೊಂಡೆ ಕಣೇ ಅವರಿಂದ! ಮೂವತ್ತೆಂಟು ಡಬ್ಬಿ. ಮೂವತ್ತೆಂಟನ್ನೂ ಕಸದ ಬುಟ್ಟಿಗೆ ಹಾಕ್ತೀವಿ ಅಂತ ನಿಂತಿದ್ರು.

ತಲೆ ಆಡಿಸ್ತೀಯಲ್ಲ, ಒಪ್ಕೊಳ್ತೀಯಲ್ಲ? ಒಪ್ಕೊಂಡ್ರೂ ಮಾಡೋದು ಬಿಡಲ್ಲ.

ಇನ್ನೊಂದು. ಆ ಕತ್ತಲೆ. ಮಕ್ಕಳನ್ನ ಕತ್ತಲೇಲಿ ಕೂರಿಸಿ ಪಾಠ ಮಾಡೋದು ಅಂದ್ರೇನು? ನನಗೆ ಅವರ ಮುಖ ಕಾಣಲ್ಲ. ಮುಖ ಕಾಣದೇ ಇದ್ರೆ ಯಾರಿಗೆ ಅರ್ಥವಾಯ್ತು, ಯಾರು ಆಕಳಿಸ್ತಿದಾರೆ, ಯಾರು ಪ್ರಶ್ನೆ ಕೇಳ್ತಿದಾರೆ, ಏನು ತಿಳಿಯುತ್ತೆ? ಆ ವಿಡಿಯೋದಲ್ಲಾದರೂ ಒಂದು ಮುಖ ಇದೆಯಾ? ಅದೂ ಇಲ್ಲ. ನಿನ್ನ ಕೈ ಬಂದು ಚಿತ್ರ ಬರಿಯುತ್ತೆ, ಬಾಣದ ಗುರುತು ಹಾಕುತ್ತೆ, ಮಾತು ಮಾತ್ರ ಎಲ್ಲಿಂದಲೋ. ಎಷ್ಟು ಸಲ ಹೇಳಿದೆ ನಿನಗೆ, ಒಂದು ಮೂಲೇಲಿ ನಿನ್ನ ಮುಖ ಹಾಕು, ಬಾಯಿ ಕಾಣಲಿ ಅಂತ? ನಾಚಿಕೆ ಆಗುತ್ತೆ ಟೀಚರ್ ಅಂದೆ. ನಾಚಿಕೆಯಂತೆ! ನಮ್ಮನ್ನೆಲ್ಲ ಮೂಲೆಗೆ ಒತ್ತೋಕೆ ಮಾತ್ರ ನಾಚಿಕೆ ಇಲ್ಲ.

ಹಾಗಂದ್ನಾ? ಯಾವಾಗ ಅಂದೆ? ...ಸೋಮವಾರ? ಸ್ಟಾಫ್ ರೂಮಲ್ಲಿ?

...ಹೌದು. ಅಂದಿರಬಹುದು. ಚೆನ್ನಾಗಿತ್ತು ನಿನ್ನ ವಿಡಿಯೋ ಅಂದೆ. ಮಕ್ಕಳು ಎದ್ದು ಹೋಗೋಕೇ ಒಪ್ಪಲಿಲ್ಲ, ಕುಣಿದಾಡಿಬಿಟ್ರು ಅಂದೆ. ಬೆನ್ನು ತಟ್ಟಿದೆ. ಅದು... ಅದು ವ್ಯಂಗ್ಯ ಕಣೇ! ವ್ಯಂಗ್ಯ ಮಾಡಿದ್ದು ನಿನಗೆ ತಿಳೀಲಿಲ್ಲ ಅಂದ್ರೆ ನಾನೇನ್ಮಾಡ್ಲಿ? ಕಣ್ಣಲ್ಲಿ ನೀರು ತುಂಬ್ಕೊಂಡು ಥ್ಯಾಂಕ್ಸ್ ಟೀಚರ್ ಅಂದ್ಬಿಟ್ಟೆ ನೀನು. ನನಗೆ ಅಯ್ಯೋ ಅನ್ನಿಸ್ತು, ಸುಮ್ಮನಾದೆ.

ಮಂಗಳವಾರದ್ದು ಯಾಕೆ ತೆಗೀತೀಯ ಈಗ? ನೋಟ್‌ಬುಕ್ ತಂದು ತೋರಿಸಿದೆ, ಹೌದು. ಜೀರ್ಣಕ್ರಿಯೆ ಬಗ್ಗೆ ಎರಡು ವಾಕ್ಯ ಬರೀರಿ ಅಂದಿದ್ದೆ. ಒಬ್ಬ ಬರೆದಿದಾನೆ, 'ಅನ್ನನಾಳದ ಎಡಬದಿಯಿಂದ ನುಗ್ಗಿದ ತುತ್ತನ್ನು ತಡೆಯಲು ಜಠರ ವಿಫಲವಾಯಿತು.' ಇನ್ನೊಬ್ಬಳು, 'ದೊಡ್ಡ ಕರುಳಿನಲ್ಲಿ ಹೆಚ್ಚುವರಿ ಸಮಯ ನೀಡಲಾಗುತ್ತದೆ.' ನಿನ್ನ ಮುಂದೆ ಹಿಡಿದು ಕೇಳಿದೆ, ಇದೇನೇ ಗುಬ್ಬಿ, ಇಂಥ ಅಸಂಬದ್ಧ ಎಲ್ಲ ಹೇಳಿಕೊಟ್ಟಿದೀಯಲ್ಲ ವಿಡಿಯೋದಲ್ಲಿ, ಅಂತ. ನೀನು ಬೆಪ್ಪಾಗಿ ನನ್ನ ಮುಖ ನೋಡ್ದೆ. ...

...

ಸರಿ, ಹಿಡಿದೆ. ಬುದ್ಧಿವಂತೆ. ಬೇಕಂತಲೇ ಬಿಟ್ಟಿದ್ರೆ ಮಾರನೇ ದಿನ ನಿನ್ನನ್ನ ಯಾಕೆ ಕೇಳ್ತಿದ್ದೆ? ಗೊತ್ತಿರಲಿಲ್ಲ. ಆಯ್ತಾ? ಒಪ್ಕೊಂಡೆ. ಅಲ್ಲಿ ಏನು ನಡೀತು ಅಂತ ಆ ತಾಯಿ ಪತ್ರ ಬರೋವರೆಗೂ ನನಗೆ ಗೊತ್ತಿರಲಿಲ್ಲ. ಅದಕ್ಕೇ ತಾನೇ ಶುರುವಿನಿಂದ ಬಡ್ಕೊಳ್ತಿರೋದು, ನಿದ್ದೆ, ನಿದ್ದೆ, ನಿದ್ದೆ ಅಂತ!

ನಿಂತಿದ್ದೆ. ಯಾರು ಹೇಳಿದ್ದು? ಮಕ್ಕಳಾ? ಮಕ್ಕಳನ್ನ ಕೂಡ ಕೇಳಿದೀಯಾ ನೀನು! ಒಬ್ಬೊಬ್ಬರನ್ನೇ ಕರೆದು ಕೇಳಿದ್ಯಾ, ಗುಂಪಲ್ಲಿ ಕೇಳಿದ್ಯಾ? ...ಕೋಲು ಹಿಡ್ಕೊಂಡು ನಿಂತಿದ್ದೆ. ಗೋಡೆ ಮೇಲೆ ಜಠರ ತೋರಿಸ್ತಿದ್ದೆ. ಸಣ್ಣ ಕರುಳು ಬಂದಾಗ ಸಣ್ಣ ಕರುಳು ತೋರಿಸ್ದೆ. ಅವರು ನಕ್ಕಾಗ ನಾನೂ ನಕ್ಕೆ. ಹಾಗಂದ್ರಾ? ನಾನೂ ನಕ್ಕೆ ಅಂದ್ರಾ?

...ನಿಂತ್ಕೊಂಡೇ ನಿದ್ದೆ ಮಾಡ್ತಾರೆ ಜನ. ಕುದುರೆ ಮಾಡಲ್ವಾ? ನನ್ನ ಯಜಮಾನರು ಹೊಲಿಗೆ ಮಷೀನಿನ ಮುಂದೆ ಕೂತು, ಕಾಲು ತುಳೀತಾ ತುಳೀತಾನೇ ನಿದ್ದೆ ಹೊಡೀತಾರೆ. ಒಂದು ಸಲ ಎರಡು ತೋಳನ್ನೂ ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟಿದ್ರು. ನಮ್ಮ ವಂಶಕ್ಕೇ ಇದೆ ಅದು.

ನಗು, ನಗು. ನಿನಗೆ ಅರ್ಥ ಆಗೋ ಹಾಗೆ ಹೇಳ್ತೀನಿ, ಕೇಳು. ಬಾಗಿಲ ಕಡೆ ನೋಡಬೇಡ, ನನ್ನ ನೋಡು.

ನಿದ್ದೆ ಅಂತ ಬರೆದ್ರೆ ಅದು ಅಲಕ್ಷ್ಯ. ಅಲಕ್ಷ್ಯಕ್ಕೆ ಒಂದು ಮೆಮೋ. ಹೆಡ್ ಮಾಸ್ತರು ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು ಬೈತಾರೆ, ನಾನು ತಲೆ ತಗ್ಗಿಸ್ತೀನಿ, ಮಾರನೇ ದಿನ ಬೆಳಿಗ್ಗೆ ಐದನೇ ತರಗತಿಗೆ ಹೋಗಿ ಹೃದಯದ ಪಾಠ ಶುರು ಮಾಡ್ತೀನಿ. ಆದರೆ ಆ ಜಾಗದಲ್ಲಿ ನೀನು ಬೇರೆ ಏನಾದರೂ ಬರೆದ್ರೆ... ಅನಾರೋಗ್ಯ, ಅದು, ಇದು... ಆಗ ಡಾಕ್ಟರ ಚೀಟಿ ಕೇಳ್ತಾರೆ. ಚೀಟಿ ಬಂದ್ರೆ ತರಗತಿ ಹೋಯ್ತು. ಹೊಲಿಗೆ ಟೀಚರಿಗೆ ಏನಾಯ್ತು ನೋಡ್ಲಿಲ್ವಾ? ಕೈ ನಡುಗುತ್ತೆ ಅಂತ ಪಾಪ ತಾವೇ ಬಾಯಿ ಬಿಟ್ಟು ಹೇಳಿದ್ರು. ಒಂದೇ ವಾರ. ಆ ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಕುರ್ಚಿ ಹಾಕಿ ಕೂರಿಸಿದ್ರು. ಎರಡು ವರ್ಷ ಚಾಕ್ ಪೆಟ್ಟಿಗೆ ಎಣಿಸ್ಕೊಂಡು ಕೂತಿದ್ರು, ಬಾಗಿಲ ಮುಂದೆ ಮಕ್ಕಳ ಕಾಲು ಓಡೋದು ನೋಡ್ತಾ. ಅಲ್ಲಿಂದ ಕಾಣೋದು ಬರೀ ಕಾಲು. ನನಗಿನ್ನೂ ಮೂರು ವರ್ಷ ಇದೆ ಗುಬ್ಬಿ. ಮೂರು ವರ್ಷ ಕಾಲು ನೋಡ್ಕೊಂಡು ಕೂರಲ್ಲ ನಾನು.

ಏನೂ ಇಲ್ಲ ನನಗೆ! ಗಟ್ಟಿಮುಟ್ಟಾಗಿದೀನಿ. ಸುಮ್ಮನೆ ಉದಾಹರಣೆ ಕೊಟ್ಟೆ.

ಯಾವ ಗಂಟೆ? ...ಅದಾ. ಪಾಠದಲ್ಲಿ ಮುಳುಗಿದ್ದೆ, ಗಂಟೆ ಹೊಡೆದದ್ದು ಗಮನಕ್ಕೆ ಬರಲಿಲ್ಲ. ಒಳ್ಳೆ ಟೀಚರಿಗೆ ಹಾಗೆ ಆಗುತ್ತೆ. ಇಷ್ಟಕ್ಕೂ ಮಕ್ಕಳು ಚೀಲಕ್ಕೆ ಕೈ ಹಾಕ್ತಾರಲ್ಲ, ಅದಕ್ಕಿಂತ ದೊಡ್ಡ ಗಂಟೆ ಯಾವುದಿದೆ?

ಫೋನ್ ನಮ್ಮನೆಯವರು ಎತ್ತುತಾರೆ. ಯಾವಾಗ್ಲೂ ಅವರೇ ಎತ್ತುತಾರೆ, ಅದಕ್ಕೇನೀಗ? ಅವರಿಗೆ ಫೋನ್ ಅಂದ್ರೆ ಹುಚ್ಚು. ನನಗೆ ಮುಖ ನೋಡದೆ ಮಾತಾಡೋದು ಅಂದ್ರೆ ಆಗಲ್ಲ.

ಓಹೋ, ಇದೂ ಬಂತಾ ಪಟ್ಟಿಗೆ! 'ಕೈ ತೆಗಿ ಟೀಚರ್.' ಹಾಗಂತ ಕರೀತಾರೆ ಅಂತ ನನಗೆ ಗೊತ್ತಿಲ್ವಾ? ಗೊತ್ತು. ಬಾಯಿ ಮೇಲಿನ ಕೈ ತೆಗಿ, ಎದ್ದು ನಿಲ್ಲು, ನನ್ನ ಮುಖ ನೋಡಿ ಕೇಳು, ಒಬ್ಬರ ನಂತರ ಒಬ್ಬರು. ನನ್ನ ಕ್ಲಾಸಿನ ಕಾನೂನು ಅದು. ಐದು ವರ್ಷದ ಹಿಂದೆ ತಂದೆ. ಅದನ್ನ ನೋಡಿ ಇನ್‌ಸ್ಪೆಕ್ಟರು ಪುಸ್ತಕದಲ್ಲಿ ಏನು ಬರೆದು ಹೋದ್ರು? 'ಮಕ್ಕಳಿಗೆ ಪ್ರಶ್ನೆ ಕೇಳುವ ಧೈರ್ಯ ಕಲಿಸಿದ್ದಾರೆ.' ನೀನೇ ಓದಿ ಹೇಳಿದೆಯಲ್ಲ ಸ್ಟಾಫ್ ರೂಮಲ್ಲಿ! ಉಳಿದ ಕ್ಲಾಸುಗಳಲ್ಲಿ ಸಂತೆ. ಮೂವತ್ತು ಜನ ಒಟ್ಟಿಗೆ ಕಿರುಚ್ತಾರೆ, ಟೀಚರು ಮೇಜು ಕುಟ್ತಾರೆ. ನನ್ನ ಕ್ಲಾಸಲ್ಲಿ ಮೂಲೆಯ ಹೆದರುಪುಕ್ಕಲು ಹುಡುಗ ಕೂಡ ಎದ್ದು, ಕತ್ತೆತ್ತಿ, ಬಾಯಿ ತೆರೆದು ಕೇಳ್ತಾನೆ. ಅವನು ಕೇಳಿ ಮುಗಿಸೋವರೆಗೂ ನಾನು ರೆಪ್ಪೆ ಹೊಡೆಯಲ್ಲ. ಹಾಗೆ ಯಾರೇ ಕೇಳಿಸ್ಕೊಂಡಿದಾರೆ ಅವರನ್ನ, ಮನೇಲಾದರೂ, ಎಲ್ಲಾದರೂ? ನಿನ್ನ ವಿಡಿಯೋ ಕೇಳಿಸ್ಕೊಳ್ಳುತ್ತಾ? ಅದು ತಾನು ಹೇಳೋದನ್ನ ಹೇಳಿ ಎದ್ದು ಹೋಗುತ್ತೆ.

ಏನದು, ಫೋನ್ ಯಾಕೆ ತೆಗೆದೆ? ಅದನ್ನೇ ಹಾಕ್ತೀಯಾ? ಆಯ್ತು ಹಾಕು. ...ಹಾಂ, ಇದೇ. ಬಾಯಿ, ಹಲ್ಲು, ಲಾಲಾರಸ. ಇದೇ ವಿಡಿಯೋ. ...ಇರಬೇಕು, ನಿನ್ನದೇ ದನಿ. ಎಲ್ಲರೂ ಹೊಗಳ್ತಾರಲ್ಲ, ಜೇನು ಹಾಗೆ ಜೇನು ಹೀಗೆ ಅಂತ. ಹೌದಮ್ಮಾ, ಜೇನೇ. ನಿಲ್ಲಿಸು ಅದನ್ನ, ಕೇಳಿ ಕೇಳಿ ಕಿವಿ ತೂತು ಬಿದ್ದಿದೆ.

ಯಾಕೆ ಹಾಗೆ ನೋಡ್ತೀಯ?

ಏನೇ ಅದು, ಸತ್ತವರನ್ನ ನೋಡೋ ಹಾಗೆ? ಏನಾದರೂ ಹೇಳೋದಿದ್ರೆ ಹೇಳು.

...

ಬೆರಳಾ?

ನನ್ನ ಕ್ಲಾಸಿನ ಆ ಹುಡುಗಿ ಬೆರಳಿನ ವಿಷಯಕ್ಕೂ ಈ ಕಾಗದಕ್ಕೂ ಸಂಬಂಧ ಇಲ್ಲ. ಹೋದ ತಿಂಗಳದ್ದು ಅದು. ಬೀರುವಿನ ಬಾಗಿಲಿಗೆ ಬೆರಳು ಸಿಕ್ಕಿಸ್ಕೊಂಡ್ಲು, ನಾನು ಬೋರ್ಡ್ ಮೇಲೆ ಬರೀತಾ ಇದ್ದೆ. ಮಕ್ಕಳು ಅಂದ ಮೇಲೆ ಪೆಟ್ಟಾಗುತ್ತೆ. ...ಎಷ್ಟು ಹೊತ್ತು? ಎಷ್ಟು ಹೊತ್ತು ಕಿರುಚಿದ್ಲು ಅಂದೆ? ಸುಳ್ಳು. ಅಷ್ಟು ಹೊತ್ತಾಗಿರಲಿಲ್ಲ. ಎಲೆಯ ಚಿತ್ರ ಬರೀತಿದ್ದೆ, ನಾಳ ಒಂದೊಂದಾಗಿ... ಎಲೆ ಮುಗಿದಿತ್ತು, ಹೆಸರು ಬರೀತಿದ್ದೆ... ಯಾರೋ ಬಂದು ನನ್ನ ತೋಳು ಎಳೆದ್ರು. ತಿರುಗಿ ನೋಡಿದ್ರೆ ಮೂವತ್ತೆಂಟು ಬಾಯಿ ತೆರೆದಿದ್ವು.

ನಾನೇ ಎತ್ಕೊಂಡು ಓಡಿದ್ದು ಅವಳನ್ನ. ನಾನೇ ಔಷಧಿ ಹಾಕಿದ್ದು. ಉಗುರು ಬರುತ್ತೆ ಅಂದ್ರು ಡಾಕ್ಟರು. ಬರ್ತಾ ಇದೆ. ದಿನಾ ನೋಡ್ತೀನಿ. ದಿನಾ ಬೆಳಿಗ್ಗೆ ಮೊದಲು ಆ ಬೆರಳೇ ನೋಡೋದು ನಾನು, ಹಾಜರಿ ಆಮೇಲೆ. ನಿನ್ನೆ ಅಂಚಲ್ಲಿ ಒಂದು ಬಿಳಿ ಗೆರೆ ಬಂದಿತ್ತು.

ಅದನ್ನ ನನ್ನ ಮುಖಕ್ಕೆ ಎಸೀಬೇಡ. ನಿನಗೆ ಆ ಅಧಿಕಾರ ಇಲ್ಲ. ನಿನಗೆ ನಾನು ಓದು ಹೇಳಿಕೊಟ್ಟವಳು. ಭೂತಗನ್ನಡಿ ಹಿಡಿಯೋಕೆ ಹೇಳಿಕೊಟ್ಟವಳು. ನಾಲ್ಕು ವರ್ಷದ ಹಿಂದೆ ಈ ಶಾಲೆಗೇ ಟೀಚರಾಗಿ ಬಂದೆ ಅಂತ ಓಡಿ ಬಂದು ಕಾಲು ಮುಟ್ಟಿ, ಏನೇನೋ ಹೇಳಿ, ತಬ್ಕೊಂಡು, ನನ್ನ ಭುಜಕ್ಕೆ ಮುಖ ಒತ್ಕೊಂಡು ಎಷ್ಟೊತ್ತು ಮಾತಾಡಿದೆ. ಭುಜ ಬಿಸಿ ಆಯ್ತೇ ಹೊರತು...

ಏನಿಲ್ಲ. ಹೊರತು ಏನಿಲ್ಲ.

ಬರಿ ಬೇಗ. ಬಾಗಿಲಿಗೆ ಬೀಗ ಹಾಕೋಕೆ ಜವಾನ ಬಂದ. ನೋಡು, ಬಂದೇಬಿಟ್ಟ, ಬೀಗದ ಕೈ ಗೊಂಚಲು ಹಿಡ್ಕೊಂಡು ಬಾಗಿಲಲ್ಲೇ ನಿಂತಿದಾನೆ. ಇರಪ್ಪಾ, ಐದು ನಿಮಿಷ! ಮೇಡಂ ಒಂದು ಅಕ್ಷರ ಬರೆದ್ರೆ ಎದ್ದುಬಿಡ್ತೀವಿ. ...ಅವನನ್ನ ಬಿಡು, ನೀನು ಹೇಳು. ಹಾಂ. ಹಾಂ. ನನ್ನ ಒಳ್ಳೇದಕ್ಕೇ ಕೇಳ್ತಿದೀಯ. ಎಲ್ಲರೂ ಒಳ್ಳೇದಕ್ಕೇ ಕೇಳೋದು. ಹಾಂ, ಮಕ್ಕಳ ಒಳ್ಳೇದಕ್ಕೂ... ಸರಿ... ಮುಂದೆ ಹೇಳು...

ಇದೇನು ಇವನು ಹೀಗೆ ನೋಡ್ತಾನೆ ನಿನ್ನ?

ಏನಯ್ಯಾ, ಮೇಡಂ ಮಾತಾಡೋದು ಯಾವತ್ತೂ ಕಂಡಿಲ್ವಾ? ಬಾಯಿ ಬಿಟ್ಕೊಂಡು ನೋಡ್ತೀಯಲ್ಲ! ನೋಡೇ, ಒಂದ್ಸಲ ನಿನ್ನ ಬಾಯಿ ನೋಡ್ತಾನೆ, ಒಂದ್ಸಲ ನನ್ನ ಮುಖ. ಮತ್ತೆ ನಿನ್ನ ಬಾಯಿ. ನಾಟಕದೋರನ್ನ ನೋಡೋ ಹಾಗೆ. ಏನಾಗಿದೆ ಇವನಿಗೆ...

...

ನಿಲ್ಲು.

ಸ್ವಲ್ಪ ನಿಲ್ಲು. ಕೂತ್ಕೋ, ಏಳಬೇಡ.

ಹತ್ರ ಬಾ. ಇನ್ನೂ ಹತ್ರ. ಕತ್ತೆತ್ತು. ಹೆದರಬೇಡ, ಕುತ್ತಿಗೆ ಹಿಸುಕಲ್ಲ ನಾನು. ಎರಡು ಬೆರಳು ಇಡ್ತೀನಿ, ಇಲ್ಲಿ, ಗಂಟಲಿನ ಮೇಲೆ. ಈಗ ಹೇಳು. ಟೀಚರ್ ಅನ್ನು.

...ಅಂದ್ಯಾ? ತುಟಿ ಅಂತು. ಇನ್ನೊಂದ್ಸಲ ಅನ್ನು.

ಇಲ್ಲ.

ಅಲ್ಲಾಡ್ತಾ ಇಲ್ಲ. ಒಂದು ಚೂರೂ ಅಲ್ಲಾಡ್ತಾ ಇಲ್ಲ ಇದು.

...ಯಾವಾಗಿಂದ? ಇವನು ಬಂದಾಗಿಂದಲಾ? ಬೆರಳಿನ ವಿಷಯ ಎತ್ತಿದೆಯಲ್ಲ, ಆಗಿಂದಲಾ? ಆ ಫೋನು... ಫೋನಿನಲ್ಲೂ ದನಿ ಇರಲಿಲ್ವಾ? ಜೇನು ಅಂದ್ನಲ್ಲೇ ನಾನು!

ಬಂದಾಗಿಂದ.

ಬಾಗಿಲು ದಾಟಿ ಒಳಗೆ ಬಂದಾಗಿಂದ. ಅಷ್ಟೂ ಮಾತು. ಒಂದಾದರೂ ದನಿ ಇಲ್ಲದೆ. ನಾನೊಬ್ಬಳೇ ಇಲ್ಲಿ ಗಂಟಲು ಹರ್ಕೊಂಡು...

ನಾಚಿಕೆ ಆಗಲ್ವೇನೇ ನಿನಗೆ? ಕಪ್ಪೆ ಮೇಲೆ ಮಾಡಲ್ಲ ಕಣೇ ಹೀಗೆ! ಸಾಯೋ ಜಿರಲೆ ಮೇಲೂ ಮಾಡಲ್ಲ! ನಿನಗೆ ನಾನು ಏನು ಕಡಿಮೆ ಮಾಡಿದ್ದೆ? ಬಂದು ನೇರ ಕೇಳಿದ್ರೆ... ಕೇಳಿದ್ರೂ ಸುಳ್ಳೇ ಹೇಳ್ತಿದ್ದೆ. ಹೌದು, ಹೇಳ್ತಿದ್ದೆ. ಹೇಳ್ತಾನೇ ಇದ್ನಲ್ಲ. ಅದಕ್ಕೇ ಹೀಗೆ ಮಾಡಿದ್ಯಾ? ಒಂದೇ ಒಂದು ಅಂಶ ಬದಲಾಯಿಸಿ ಉಳಿದದ್ದೆಲ್ಲ ಇದ್ದ ಹಾಗೇ ಇಟ್ಟೆ. ದನಿ ಒಂದನ್ನ ತೆಗೆದು, ತುಟಿ, ಕಣ್ಣು, ಕೈ, ಸ್ಟೂಲು, ಕಾಗದ, ಎಲ್ಲಾ ಇದ್ದ ಹಾಗೇ. ಹಾಗೆ ಮಾಡದೇ ಇದ್ರೆ ಅದು ಪ್ರಯೋಗವೇ ಅಲ್ಲ ಅಂತ ನಿನಗೆ ಹೇಳಿಕೊಟ್ಟ ಮೂರ್ಖಿ ನಾನೇ. ಚೆನ್ನಾಗಿ ಮಾಡಿದೀಯ. ನೂರಕ್ಕೆ ನೂರು. ಕೈ ಕೊಡು, ಕೆಂಪು ಶಾಯಿಲಿ ಸರಿ ಗುರುತು ಹಾಕ್ತೀನಿ!

...ಐದು ವರ್ಷ. ಮೊದಲು ಎಡಕಿವಿ. ಆಮೇಲೆ ಬಲಗಡೆದು, ಒಂದೇ ವರ್ಷದೊಳಗೆ. ನಮ್ಮನೆಯವರಿಗೆ ಗೊತ್ತು. ಇನ್ಯಾರಿಗೂ ಗೊತ್ತಿಲ್ಲ. ಡಾಕ್ಟರು ಕೊಟ್ಟ ಮಷೀನು ಹಾಕ್ಕೊಂಡೆ, ಅದರಲ್ಲಿ ಬರೀ ಗುಂಯ್ ಅನ್ನೋದು, ಯಾರೋ ನೀರಿನ ಕೊಡಕ್ಕೆ ಬಾಯಿಟ್ಟು ಊದಿದ ಹಾಗೆ. ಈಗ ಮನೇಲಿ ಬೀರುವಲ್ಲಿ ಬಿದ್ದಿದೆ. ನೀನು ಈ ಶಾಲೆಗೆ ಬರೋ ಹೊತ್ತಿಗೇ ಮುಗಿದಿತ್ತು. ದೊಡ್ಡವಳಾದ ಮೇಲೆ ನಿನ್ನ ದನಿ ಹೇಗಾಯ್ತು ಅಂತ ನನಗೆ ಗೊತ್ತಿಲ್ಲ ಕಣೇ. ಒಂದ್ಸಲವೂ ಕೇಳಿಲ್ಲ. ಮೂರನೇ ಕ್ಲಾಸಿನ ಗುಬ್ಬಿ ದನಿಯನ್ನೇ ನಿನ್ನ ಈ ಬಾಯಿಗೆ ಹಚ್ಕೊಂಡು ಕೇಳಿಸ್ಕೊಳ್ತಿದೀನಿ ಇಷ್ಟು ವರ್ಷ.

ಹಾಗೆ ನೋಡಬೇಡ. ಕರುಣೆ ಗಿರುಣೆ ಬೇಡ. ಕೈ ಬಿಡು. ಕೈ ಬಿಡು ಅಂದೆ!

ಅವನು ಏನೋ ಕೇಳ್ತಿದಾನೆ. ಬಾಗಿಲಲ್ಲಿ... ಬೆಳಕು ಅವನ ಹಿಂದಿದೆ, ತುಟಿ ಸರಿಯಾಗಿ ಕಾಣ್ತಿಲ್ಲ. ಏನು ಕೇಳ್ದ? ಯಾಕೆ ಮೇಡಂ ಬರೀ ಬಾಯಿ ಆಡಿಸ್ತಿದೀರ, ಏನಾಗಿದೆ ಟೀಚರಿಗೆ ಅಂತಲೇ ತಾನೇ? ಮತ್ತೇನು ಕೇಳ್ತಾನೆ? ಕೇಳಿ, ಇಲ್ಲಿಂದ ಸೀದಾ ಸ್ಟಾಫ್ ರೂಮಿಗೆ ಹೋಗ್ತಾನೆ. ಅಲ್ಲಿಂದ ಹೆಡ್ ಮಾಸ್ತರ ಕೋಣೆಗೆ. ನಿನ್ನ ಕಾಗದದ ಅವಶ್ಯಕತೆಯೇ ಇಲ್ಲ.

ಗುಬ್ಬಿ. ಕೇಳು. ಅವನಿಗೆ ಹೇಳು. ಈಗಲೇ, ದನಿ ಬಿಟ್ಟು ಹೇಳು. ತಮಾಷೆ ಮಾಡ್ತಿದ್ವಿ ಅನ್ನು. ಮಕ್ಕಳಿಗೆ ಯಾವುದೋ ಮೂಕನಾಟಕ ಕಲಿಸ್ತಿದೀವಿ ಅನ್ನು. ಟೀಚರ್ ಅವತ್ತು ನಿದ್ದೆ ಮಾಡಿದ್ರು, ಅಷ್ಟೇ, ಅನ್ನು. ಒಂದು ಸುಳ್ಳು. ನನ್ನ ಮುಂದೆ ಇಷ್ಟು ಹೊತ್ತು ಬಾಯಿ ಆಡಿಸಿ ಸುಳ್ಳು ಮಾಡಿದೀಯ, ಅವನ ಮುಂದೆ ದನಿ ಬಿಟ್ಟು ಇನ್ನೊಂದು ಮಾಡು. ಆಮೇಲೆ ಕ್ಲಾಸಿನ ಬೀರುವಿನ ಬಾಗಿಲು ತೆಗೆಸಿಹಾಕ್ತೀನಿ. ಬೋರ್ಡ್ ಕಡೆ ತಿರುಗೋದೇ ಇಲ್ಲ, ಹಾಳೇಲಿ ಬರೆದು ತಂದು ಅಂಟಿಸ್ತೀನಿ. ನಿನ್ನ ವಿಡಿಯೋಗೆ ಒಂದು ಮಾತು ಅನ್ನಲ್ಲ. ಬೇಕಾದರೆ ನೀನೂ ನನ್ನ ಕ್ಲಾಸಿನ ಹಿಂದಿನ ಬೆಂಚಲ್ಲಿ ಬಂದು ಕೂತ್ಕೋ.

ತಲೆ ಅಲ್ಲಾಡಿಸಬೇಡ. ತಲೆ ಬೇಡ, ಮಾತು. ನಿನಗಲ್ಲ, ನನಗಲ್ಲ, ಅವನಿಗೆ.

ಹೇಳ್ತೀಯ ತಾನೇ? ಕಣ್ಣು ಮುಚ್ಕೊಂಡಿದೀನಿ ನೋಡು. ನಿನ್ನ ತುಟಿ ನಂಬಲ್ಲ ನಾನು ಇನ್ಮೇಲೆ. ಬೆರಳು ಇಲ್ಲೇ ಇದೆ. ಇಲ್ಲಿ ಅಲ್ಲಾಡಬೇಕು. ಒಂದು ಅಕ್ಷರಕ್ಕೂ ಗೊತ್ತಾಗುತ್ತೆ ನನಗೆ.

...

ಹೇಳು.

...

ಅಲ್ಲ... ಇದು ಮಾತಲ್ಲ. ನುಂಗ್ದೆ. ಈಗ ನೀನು ಎಂಜಲು ನುಂಗಿದ್ದು.

...

ಮತ್ತೆ ನುಂಗ್ದೆ.